ಏಸ್-ಕ್ವೀನ್ ಬಿಟ್ಟದ್ದು ಹೇಡಿತನವಾ?

ಪ್ರಶ್ನೆ: ಎರಡು ವರ್ಷದಿಂದ ಪೋಕರ್ ಟೂರ್ನಮೆಂಟ್ ಆಡುತ್ತಿದ್ದೇನೆ. ಹೋದ ವಾರ 300 ಜನರ ಟೂರ್ನಮೆಂಟ್ ಒಂದರಲ್ಲಿದ್ದೆ. ಬಹುಮಾನ 45 ಜನರಿಗೆ. ಇನ್ನು 46 ಜನ ಉಳಿದಿದ್ದಾಗ ನಾನು ಬಿಗ್ ಬ್ಲೈಂಡ್‌ನಲ್ಲಿ ಕೂತಿದ್ದೆ. ಬ್ಲೈಂಡ್ ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಕಟ್ಟಲೇಬೇಕಾದ ಪಣ, ಸ್ಮಾಲ್ ಬ್ಲೈಂಡ್ ಬಿಗ್ ಬ್ಲೈಂಡಿನ ಅರ್ಧ. ಕಟ್ಟಿದ ಬ್ಲೈಂಡೂ ಸೇರಿ ನನ್ನ ಹತ್ತಿರ 20 ಬಿಗ್ ಬ್ಲೈಂಡ್‌ನಷ್ಟು ಚಿಪ್ಸ್ ಇತ್ತು. ಎಲ್ಲರೂ ಫೋಲ್ಡ್ ಮಾಡಿದರು, ಅಂದರೆ ಎಲೆ ಬಿಟ್ಟರು. ಸ್ಮಾಲ್ ಬ್ಲೈಂಡ್‌ನಲ್ಲಿದ್ದವನು ಆಲ್-ಇನ್ ಅಂದ, ಅಂದರೆ ಇದ್ದ ಚಿಪ್ಸ್ ಪೂರ್ತಿ ಪಣಕ್ಕಿಟ್ಟ. ಆ ಟೇಬಲ್‌ಗೇ ಜಾಸ್ತಿ ಚಿಪ್ಸ್ ಇದ್ದದ್ದು ಅವನ ಹತ್ತಿರ. ಹಿಂದಿನ ಹತ್ತು ಆಟದಲ್ಲಿ ಐದು ಸಲ ಹೀಗೇ ಮಾಡಿದ್ದ. ನನಗೆ ಬಂದಿದ್ದದ್ದು ಏಸ್-ಕ್ವೀನ್, ಸೂಟೆಡ್ (ಎರಡೂ ಒಂದೇ ಗುರುತಿನವು) ಅಲ್ಲ. ಬೇರೆ ಟೇಬಲ್‌ಗಳಲ್ಲಿ ಇಬ್ಬರ ಹತ್ತಿರ 3 ಬಿಗ್ ಬ್ಲೈಂಡ್ ಮಾತ್ರ ಇದೆ ಅಂತ ಗೊತ್ತಿತ್ತು. ಫೋಲ್ಡ್ ಮಾಡಿದೆ. ಆದರೆ ಆ ಇಬ್ಬರೂ ಆಮೇಲೆ ಗೆದ್ದು ಚಿಪ್ಸ್ ಡಬಲ್ ಮಾಡಿಕೊಂಡರು! ಮುಕ್ಕಾಲು ಗಂಟೆ ಸುಮ್ನೆ ಕಾದೆ. ಬಬಲ್ ಒಡೆಯುವ, ಅಂದರೆ ಇನ್ನೊಬ್ಬ ಹೊರಬಿದ್ದು ಉಳಿದವರಿಗೆಲ್ಲ ಬಹುಮಾನ ಖಾತ್ರಿಯಾಗುವ ಹೊತ್ತಿಗೆ ನನ್ನ ಹತ್ತಿರ 7 ಬಿಗ್ ಬ್ಲೈಂಡ್ ಉಳಿದಿತ್ತು. 41ನೆಯವನಾಗಿ ಹೊರಬಿದ್ದೆ. ಪ್ರವೇಶ ಶುಲ್ಕದ ಎರಡರಷ್ಟು ಸಿಕ್ಕಿತು. ಗೆಳೆಯರು ಹೇಡಿ ಅಂದರು. ಅದಕ್ಕೂ ಹಿಂದಿನ ತಿಂಗಳು ಇದೇ ಥರದ ಟೂರ್ನಮೆಂಟ್‌ನಲ್ಲಿ 22 ಬಿಗ್ ಬ್ಲೈಂಡ್ ಇಟ್ಟುಕೊಂಡು ಬಟನ್‌ನಲ್ಲಿದ್ದೆ, ಅಂದರೆ ಬ್ಲೈಂಡ್ ಕಟ್ಟಿದ ಇಬ್ಬರಿಗೆ ಸ್ವಲ್ಪ ಮೊದಲು ಆಡುವ ಸೀಟಿನಲ್ಲಿ. ಮೊದಲ ಸೀಟಿನವನು, ಎಲ್ಲರಿಗಿಂತ ಮೊದಲು ಆಡಬೇಕಾದವನು, 24 ಬಿಗ್ ಬ್ಲೈಂಡ್ ಪೂರ್ತಿ ತಳ್ಳಿದ, ಅಂದರೆ ಆಲ್-ಇನ್. 9ರ ಜೋಡಿ ಹಿಡಿದು ಕಾಲ್ ಮಾಡಿದೆ, ಅಂದರೆ ನನ್ನದನ್ನೂ ಪೂರ್ತಿ ಹಾಕಿ ಎದುರಿಸಿದೆ. ಸರಿಯಾಗಿ ಬಬಲ್‌ನಲ್ಲೇ ಔಟ್. ಆಗ ಅದೇ ಗೆಳೆಯರು ದುಡುಕಿದೆ ಅಂತ ಬೈದರು. ಹಾಗಾದರೆ ಸರಿ ಯಾವುದು?

ಉತ್ತರ: ನಿಮ್ಮ ಗೆಳೆಯರ ಎರಡು ಬೈಗುಳದಲ್ಲಿ ಒಂದು ಸರಿ, ಇನ್ನೊಂದು ಜಾಗ ತಪ್ಪಿ ಬಿದ್ದಿದೆ. 9ರ ಜೋಡಿಯ ಕಾಲ್ ತಪ್ಪು. ಏಸ್-ಕ್ವೀನ್ ಬಿಟ್ಟದ್ದು ಅಂಥ ತಪ್ಪೇನಲ್ಲ, ಅದರ ಮೇಲೆ ಇಡೀ ರಾತ್ರಿ ವಾದ ಮಾಡಬಹುದು. ಆದರೆ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಬೇರೆ ಕಡೆ. 'ಮುಕ್ಕಾಲು ಗಂಟೆ ಸುಮ್ನೆ ಕಾದೆ' ಅಂತ ಬರೆದಿದ್ದೀರಲ್ಲ, ಅಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದಿಷ್ಟು ಲೆಕ್ಕ.

ಕ್ಯಾಶ್ ಗೇಮ್‌ನಲ್ಲಿ ಚಿಪ್ ಅಂದರೆ ದುಡ್ಡೇ. ನೂರರ ಚಿಪ್ ತೆಗೆದುಕೊಂಡು ಹೋಗಿ ಕೌಂಟರಿನಲ್ಲಿ ಕೊಟ್ಟರೆ ನೂರು ಸಿಗುತ್ತದೆ. ಟೂರ್ನಮೆಂಟ್‌ನಲ್ಲಿ ಹಾಗಿಲ್ಲ. ಎಲ್ಲರ ಚಿಪ್ಸ್ ಗೆದ್ದು ಮೊದಲು ಬಂದವನಿಗೂ ಎಲ್ಲ ದುಡ್ಡು ಸಿಗುವುದಿಲ್ಲ. ಒಂದೇ ಒಂದು ಚಿಪ್ ಉಳಿಸಿಕೊಂಡು ಬಬಲ್ ದಾಟಿದವನಿಗೂ ಕನಿಷ್ಠ ಬಹುಮಾನ ಸಿಗುತ್ತದೆ. ಅಂದರೆ ನಿಮ್ಮ ಹತ್ತಿರ ಇರುವ ಮೊದಲಿನ ಚಿಪ್ಸ್ ದುಬಾರಿ, ಮೇಲೆ ಮೇಲೆ ಸೇರುತ್ತಾ ಹೋಗುವ ಚಿಪ್ಸ್ ಅಗ್ಗ. ಕಳೆದುಕೊಳ್ಳುವ ಚಿಪ್ಪಿಗೂ ಗೆಲ್ಲುವ ಚಿಪ್ಪಿಗೂ ಬೆಲೆ ಒಂದೇ ಅಲ್ಲ. ಬಬಲ್ ಹತ್ತಿರ ಬಂದಷ್ಟೂ ಈ ವ್ಯತ್ಯಾಸ ದೊಡ್ಡದಾಗುತ್ತದೆ.

ಎಷ್ಟು ದೊಡ್ಡದು ಅಂತ ಅಳೆಯುವ ಪದ್ಧತಿಗೆ ಐಸಿಎಂ ಅನ್ನುತ್ತಾರೆ, ಇಂಡಿಪೆಂಡೆಂಟ್ ಚಿಪ್ ಮಾಡೆಲ್. ತಮಾಷೆ ಅಂದರೆ ಇದರ ಗಣಿತ ಪೋಕರ್‌ನದ್ದೇ ಅಲ್ಲ, ಕುದುರೆ ರೇಸ್‌ನದ್ದು. ಪ್ರತಿ ಕುದುರೆ ಮೊದಲು ಬರುವ ಸಾಧ್ಯತೆ ಗೊತ್ತಿದ್ದರೆ ಎರಡನೇ, ಮೂರನೇ ಸ್ಥಾನದ ಸಾಧ್ಯತೆ ಹೇಗೆ ಕಂಡುಹಿಡಿಯುವುದು ಅಂತ ಡೇವಿಡ್ ಹಾರ್ವಿಲ್ 1973ರಲ್ಲಿ ತೋರಿಸಿದರು. ಅದನ್ನು ಪೋಕರ್ ಚಿಪ್ಸ್‌ಗೆ ತಂದವರು ಮೇಸನ್ ಮಾಲ್ಮತ್, 1987ರಲ್ಲಿ. ವಿಚಾರ ಸುಲಭ. ನಿಮ್ಮ ಹತ್ತಿರ ಒಟ್ಟು ಚಿಪ್ಸ್‌ನ ಕಾಲು ಭಾಗ ಇದ್ದರೆ ನೀವು ಮೊದಲು ಬರುವ ಸಾಧ್ಯತೆಯೂ ಕಾಲು ಭಾಗ. ಮೊದಲು ಬಂದವನನ್ನು ಪಕ್ಕಕ್ಕಿಟ್ಟು, ಉಳಿದವರಲ್ಲಿ ಮತ್ತೆ ಅದೇ ಲೆಕ್ಕ. ಹೀಗೆ ಪ್ರತಿ ಸ್ಥಾನದ ಸಾಧ್ಯತೆಯನ್ನು ಆ ಸ್ಥಾನದ ಬಹುಮಾನದಿಂದ ಗುಣಿಸಿ ಕೂಡಿದರೆ ನಿಮ್ಮ ಸ್ಟ್ಯಾಕ್‌ನ, ಅಂದರೆ ನಿಮ್ಮ ಮುಂದಿರುವ ಚಿಪ್ಸ್ ರಾಶಿಯ, ಇವತ್ತಿನ ಬೆಲೆ ಸಿಗುತ್ತದೆ.

46 ಜನರ ಲೆಕ್ಕ ಕೈಯಲ್ಲಿ ಆಗುವಂಥದ್ದಲ್ಲ. ನಾಲ್ಕು ಜನರ ಒಂದು ಸಣ್ಣ ಟೇಬಲ್ ತೆಗೆದುಕೊಳ್ಳೋಣ. ಒಟ್ಟು ಬಹುಮಾನ 100. ಮೊದಲಿಗೆ 50, ಎರಡನೆಗೆ 30, ಮೂರನೆಗೆ 20. ನಾಲ್ಕನೆಯವನಿಗೆ ಏನೂ ಇಲ್ಲ. ನಾಲ್ವರ ಹತ್ತಿರವೂ ತಲಾ 2500 ಚಿಪ್ಸ್. ಎಲ್ಲರೂ ಸಮ, ಹಾಗಾಗಿ ಒಬ್ಬೊಬ್ಬರ ಸ್ಟ್ಯಾಕ್ ಬೆಲೆ 25.

ಒಬ್ಬ ಆಲ್-ಇನ್ ಅಂದ. ನೀವು ಕಾಲ್ ಮಾಡಿ ಗೆದ್ದರೆ ನಿಮ್ಮ ಹತ್ತಿರ 5000. ಚಿಪ್ಸ್ ಎರಡರಷ್ಟಾಯಿತು. ಬೆಲೆ 50 ಆಯಿತಾ? ಇಲ್ಲ. 38.3 ಮಾತ್ರ. ಸೋತರೆ ಸೊನ್ನೆ. 13.3 ಗೆಲ್ಲಲು 25 ಪಣಕ್ಕಿಟ್ಟಿದ್ದೀರಿ. ಬ್ಲೈಂಡ್ ಲೆಕ್ಕ ಬಿಟ್ಟರೆ ಈ ಕಾಲ್ ಸರಿದೂಗಬೇಕಾದರೆ ನೂರಕ್ಕೆ 65 ಸಲ ಗೆಲ್ಲಬೇಕು. ಎದುರಿನವನು ಎಲೆಯನ್ನೇ ನೋಡದೆ ತಳ್ಳುತ್ತಿದ್ದಾನೆ ಅಂತಲೇ ಇಟ್ಟುಕೊಳ್ಳಿ. ಯಾವುದೋ ಎರಡು ಎಲೆಯ ಎದುರು ಏಸ್-ಕಿಂಗ್ ಗೆಲ್ಲುವುದು ಸುಮಾರು ನೂರಕ್ಕೆ 65 ಸಲ. ಅಂದರೆ ಕಣ್ಣುಮುಚ್ಚಿ ತಳ್ಳುವವನ ಎದುರೂ ಏಸ್-ಕಿಂಗ್ ಬರೀ ಸರಿಸಮ. ಮೊದಲ ಸಲ ಈ ಲೆಕ್ಕ ಮಾಡಿದಾಗ ನಾನೇ ನಂಬಲಿಲ್ಲ, ಎಲ್ಲೋ ಕೂಡಿಸುವುದರಲ್ಲಿ ತಪ್ಪಿದ್ದೇನೆ ಅಂದುಕೊಂಡು ಮತ್ತೆ ಮಾಡಿದ್ದೆ.

ಈಗ ಸ್ಟ್ಯಾಕ್‌ಗಳನ್ನು ಸ್ವಲ್ಪ ಬದಲಿಸೋಣ. ದೊಡ್ಡವನ ಹತ್ತಿರ 4500. ನಿಮ್ಮ ಹತ್ತಿರ 2500. ನಿಮ್ಮಂಥವನೇ ಇನ್ನೊಬ್ಬ, ಅವನ ಹತ್ತಿರವೂ 2500. ಕೊನೆಯವನ ಹತ್ತಿರ 500 ಮಾತ್ರ. ಐಸಿಎಂ ಪ್ರಕಾರ ದೊಡ್ಡವನ ಸ್ಟ್ಯಾಕ್ ಬೆಲೆ 36. ನಿಮ್ಮದು 28.3. ಕೊನೆಯವನದ್ದು 7.4. ನೋಡಿ, ನೂರರಲ್ಲಿ 45 ಭಾಗ ಚಿಪ್ಸ್ ಇದ್ದವನಿಗೆ 36 ಭಾಗ ದುಡ್ಡು. ಬರೀ 5 ಭಾಗ ಚಿಪ್ಸ್ ಇದ್ದವನಿಗೆ 7 ಭಾಗಕ್ಕಿಂತ ಜಾಸ್ತಿ.

ದೊಡ್ಡವನು ಆಲ್-ಇನ್ ಅಂದ. ನೀವು ಕಾಲ್ ಮಾಡಿ ಗೆದ್ದರೆ ನಿಮ್ಮ ಬೆಲೆ 28.3ರಿಂದ 37.6ಕ್ಕೆ ಏರುತ್ತದೆ. ಸೋತರೆ 28.3 ಪೂರ್ತಿ ಹೋಯಿತು. 9 ಗೆಲ್ಲಲು 28 ಇಡುತ್ತಿದ್ದೀರಿ. ಕಳೆದುಕೊಳ್ಳುವುದನ್ನು ಗೆಲ್ಲುವುದರಿಂದ ಭಾಗಿಸಿದರೆ 3 ಬರುತ್ತದೆ. ಇದಕ್ಕೆ ಬಬಲ್ ಫ್ಯಾಕ್ಟರ್ ಅನ್ನುತ್ತಾರೆ. ಈ ಕಾಲ್ ಸರಿದೂಗಲು ನೂರಕ್ಕೆ 75 ಸಲ ಗೆಲ್ಲಬೇಕು. ಯಾವುದೋ ಎರಡು ಎಲೆಯ ಎದುರು 10ರ ಜೋಡಿ ಗೆಲ್ಲುವುದು ಸುಮಾರು 75 ಸಲ. ಹಾಗಾಗಿ ಅದು ಅಂಚಿನಲ್ಲಿದೆ. ಏಸ್-ಕಿಂಗ್ ಇರಲಿ, 9ರ ಜೋಡಿ ಇರಲಿ, ಎದುರಿನವನು ಎಲೆ ನೋಡಿಲ್ಲ ಅಂತ ಗೊತ್ತಿದ್ದರೂ ಫೋಲ್ಡ್! ಪಾಟ್‌ನಲ್ಲಿ, ಅಂದರೆ ಮಧ್ಯೆ ಸೇರಿದ ಪಣದ ರಾಶಿಯಲ್ಲಿ, ಇರುವ ಬ್ಲೈಂಡ್ ಸೇರಿಸಿದರೆ ಗೆರೆ ಸ್ವಲ್ಪ ಕೆಳಗೆ ಬರುತ್ತದೆ, ಅಷ್ಟೇ.

ನಿಮ್ಮ ಎಲೆ ಬದಲಾಗಲಿಲ್ಲ, ನಿಮ್ಮ ಚಿಪ್ಸೂ ಬದಲಾಗಲಿಲ್ಲ. ಆ ಮೂಲೆಯಲ್ಲಿ ಒಬ್ಬನ ಹತ್ತಿರ 500 ಉಳಿದಿದೆ, ತಳ್ಳಿದವನ ಹತ್ತಿರ ನಿಮಗಿಂತ ಜಾಸ್ತಿ ಇದೆ. ಇಷ್ಟಕ್ಕೇ ಗೆರೆ 65ರಿಂದ 75ಕ್ಕೆ ಹೋಯಿತು. ಅದಕ್ಕೇ ನಾನು ಆಟ ಕಲಿಯಲು ಬರುವವರಿಗೆ ಹೇಳುವುದು: ಬಬಲ್‌ನಲ್ಲಿ ಎಲೆ ಎತ್ತುವ ಮೊದಲು ಟೇಬಲ್ ಸುತ್ತ ಒಮ್ಮೆ ಕಣ್ಣಾಡಿಸಿ. ಯಾರು ನನ್ನನ್ನು ಮನೆಗೆ ಕಳಿಸಬಲ್ಲರು, ನಾನು ಯಾರನ್ನು ಕಳಿಸಬಲ್ಲೆ, ನನಗಿಂತ ಮೊದಲು ಸಾಯುವವರು ಎಷ್ಟು ಜನ. ಈ ಮೂರಕ್ಕೆ ಉತ್ತರ ಇಲ್ಲದೆ ಏಸ್-ಕ್ವೀನ್ ಒಳ್ಳೆಯದೋ ಕೆಟ್ಟದ್ದೋ ಹೇಳಲು ಬರುವುದಿಲ್ಲ.

ಆ 500 ಚಿಪ್ಸ್‌ನವನ ಕಡೆಯಿಂದಲೂ ನೋಡಬೇಕು, ಯಾಕೆಂದರೆ ಅಲ್ಲಿ ಚಿತ್ರ ಬೇರೆ. ಅವನು ದೊಡ್ಡವನ ಎದುರು ಗೆದ್ದು 1000 ಮಾಡಿಕೊಂಡರೆ ಅವನ ಬೆಲೆ 7.4ರಿಂದ 13.1ಕ್ಕೆ ಏರುತ್ತದೆ. ಅವನಿಗೆ ಬೇಕಾದದ್ದು ನೂರಕ್ಕೆ 57 ಮಾತ್ರ. ಬಬಲ್‌ನಲ್ಲಿ ಅತಿ ಹೆಚ್ಚು ಹೆದರಬೇಕಾದವನು ಅತಿ ಕಡಿಮೆ ಚಿಪ್ಸ್ ಇರುವವನು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತಪ್ಪು. ಅವನಿಗೆ ಕಳೆದುಕೊಳ್ಳಲು ಹೆಚ್ಚೇನಿಲ್ಲ. ಕೈಕಾಲು ಕಟ್ಟಿಹಾಕಿಕೊಂಡಿರುವವನು ಮಧ್ಯದವನು. ಅಂದರೆ ನೀವು.

ದೊಡ್ಡವನಿಗೆ ಇದು ಚೆನ್ನಾಗಿ ಗೊತ್ತು. ಅವನು ಯಾವ ಎಲೆ ಹಿಡಿದು ತಳ್ಳಿದರೂ ನೀವು ಲೆಕ್ಕದ ಪ್ರಕಾರ ಆಡಿದರೆ 10ರ ಜೋಡಿ ಅಥವಾ ಅದಕ್ಕಿಂತ ಮೇಲಿನದು ಬಂದಾಗ ಮಾತ್ರ ಕಾಲ್ ಮಾಡುತ್ತೀರಿ. ಎರಡು ಎಲೆಯ 1326 ಜೋಡಣೆಯಲ್ಲಿ ಅಂಥವು 30. ಅಂದರೆ 44 ಸಲಕ್ಕೆ ಒಮ್ಮೆ! ಉಳಿದ 43 ಸಲ ನಿಮ್ಮ ಬ್ಲೈಂಡ್ ಅವನ ಜೇಬಿಗೆ. ಅದಕ್ಕೇ ಜಾಣ ದೊಡ್ಡ ಸ್ಟ್ಯಾಕ್‌ನವರು ಆ 500ರವನನ್ನು ಬೇಗ ಹೊರಗೆ ಕಳಿಸಲು ಆತುರಪಡುವುದಿಲ್ಲ. ಅವನು ಬದುಕಿರುವಷ್ಟು ಹೊತ್ತು ಇವರಿಗೆ ಸುಗ್ಗಿ. ನಿಮ್ಮ ಟೇಬಲ್‌ನವನು ಹತ್ತರಲ್ಲಿ ಐದು ಸಲ ತಳ್ಳಿದ್ದು ಹುಚ್ಚಿನಿಂದಲ್ಲ.

ಈಗ ನಿಮ್ಮ ಆಟಕ್ಕೆ ಬರೋಣ. 300 ಜನರ ಟೂರ್ನಮೆಂಟ್‌ನ ಬಬಲ್ ಮೇಲಿನ ನಾಲ್ಕು ಜನರ ಟೇಬಲ್‌ನಷ್ಟು ಬಿಗಿಯಲ್ಲ. ಅಲ್ಲಿ ಮೂರನೇ ಬಹುಮಾನವೇ ಒಟ್ಟು ದುಡ್ಡಿನ ಐದನೇ ಒಂದು ಭಾಗ. ನಿಮ್ಮಲ್ಲಿ ಕನಿಷ್ಠ ಬಹುಮಾನ ಪ್ರವೇಶ ಶುಲ್ಕದ ಎರಡರಷ್ಟು. 300 ಜನರ ಶುಲ್ಕವನ್ನು ಉಳಿದ 46 ಜನರಿಗೆ ಸಮನಾಗಿ ಹಂಚಿದರೆ ತಲಾ ಆರೂವರೆ ಶುಲ್ಕ. ಅಂದರೆ ಆ ಹೊತ್ತಿಗೆ ಒಂದು ಸರಾಸರಿ ಸ್ಟ್ಯಾಕ್‌ನ ಬೆಲೆಯಲ್ಲಿ ಕನಿಷ್ಠ ಬಹುಮಾನ ಮೂರನೇ ಒಂದು ಭಾಗವೂ ಅಲ್ಲ. ಉಳಿದದ್ದೆಲ್ಲ ಮುಂದೆ, ಫೈನಲ್ ಟೇಬಲ್ ಕಡೆ ಇದೆ. ಹಾಗಾಗಿ ನಿಮ್ಮ ಬಬಲ್ ಫ್ಯಾಕ್ಟರ್ 3 ಇರುವುದಿಲ್ಲ. ನನ್ನ ಅಂದಾಜು ಒಂದೂವರೆಯಿಂದ 1.8ರ ಒಳಗೆ.

ಪಾಟ್ ಲೆಕ್ಕ ಮಾಡಿ. ಎದುರಿನವನ 20, ನಿಮ್ಮ ಬ್ಲೈಂಡ್ 1, ಜೊತೆಗೆ ಆ್ಯಂಟಿ (ಬ್ಲೈಂಡ್ ಅಲ್ಲದೆ ಕಟ್ಟುವ ಇನ್ನೊಂದು ಕಡ್ಡಾಯ ಪಣ) 1 ಅಂತ ಹಿಡಿಯೋಣ. ಒಟ್ಟು 22. ಕಾಲ್ ಮಾಡಲು ನೀವು ಹಾಕಬೇಕಾದದ್ದು 19. ಬರೀ ಚಿಪ್ಸ್ ಲೆಕ್ಕದಲ್ಲಿ ನೂರಕ್ಕೆ 46 ಸಲ ಗೆದ್ದರೆ ಸಾಕು. ಅಲ್ಲಿಗೆ ಏಸ್-ಕ್ವೀನ್ ಕಾಲ್ ಮಾಡದಿದ್ದರೆ ಗೆಳೆಯರು ಬೈಯುವುದು ನ್ಯಾಯವೇ. ಆದರೆ ಹಾಕುವ 19ನ್ನು ಬಬಲ್ ಫ್ಯಾಕ್ಟರ್‌ನಿಂದ ಗುಣಿಸಿ. ಒಂದೂವರೆ ಆದರೆ 28.5, ಬೇಕಾದದ್ದು ಶೇ 56. ಫ್ಯಾಕ್ಟರ್ 1.8 ಆದರೆ 34.2, ಬೇಕಾದದ್ದು ಶೇ 61.

ಏಸ್-ಕ್ವೀನ್ ಯಾವುದೋ ಎರಡು ಎಲೆಯ ಎದುರು ಗೆಲ್ಲುವುದು ಸುಮಾರು ಶೇ 64. ಅವನು ಅರ್ಧದಷ್ಟು ಎಲೆಗಳನ್ನು ತಳ್ಳುತ್ತಿದ್ದರೆ ಅದು 60ರ ಹತ್ತಿರಕ್ಕೆ ಇಳಿಯುತ್ತದೆ. ಇನ್ನೂ ಆರಿಸಿ ತಳ್ಳುತ್ತಿದ್ದರೆ ಮತ್ತೂ ಕೆಳಗೆ. ಹಾಗಾಗಿ ನೀವು ನಿಂತಿದ್ದದ್ದು ಕತ್ತಿಯ ಅಂಚಿನ ಮೇಲೆ. ನಾನಾಗಿದ್ದರೆ? ಅವನು ಹತ್ತರಲ್ಲಿ ಐದು ಸಲ ತಳ್ಳಿದ್ದು ನಿಜ. ಆದರೆ ಎಲ್ಲರೂ ಫೋಲ್ಡ್ ಮಾಡಿ, ಎದುರು ಒಬ್ಬರೇ ಉಳಿದಾಗ ಸ್ಮಾಲ್ ಬ್ಲೈಂಡ್‌ನಿಂದ ಇನ್ನೂ ಸಡಿಲವಾಗಿ ತಳ್ಳುತ್ತಾನೆ. ಹಾಗಾಗಿ ಕಾಲ್ ಕಡೆಗೆ ವಾಲುತ್ತಿದ್ದೆ. ಆದರೆ ಬೇರೆ ಟೇಬಲ್‌ಗಳಲ್ಲಿ 3 ಬಿಗ್ ಬ್ಲೈಂಡ್‌ನವರು ಇಬ್ಬರು ಇದ್ದಾರೆ ಅನ್ನುವುದು ಫೋಲ್ಡ್ ಕಡೆಗಿನ ಗಟ್ಟಿ ವಾದ. ಅವರಲ್ಲಿ ಒಬ್ಬ ಮುಂದಿನ ಆಟದಲ್ಲೇ ಬಿಗ್ ಬ್ಲೈಂಡ್‌ಗೆ ಬರುವವನಾಗಿದ್ದರೆ ನಾನೂ ಬಿಡುತ್ತಿದ್ದೆ. ಅವರು ಡಬಲ್ ಆದದ್ದು ನಿಮ್ಮ ತಪ್ಪಲ್ಲ. ಎಲೆ ಹಂಚಿದ ಮೇಲೆ ಬಂದ ಫಲಿತಾಂಶ ನೋಡಿ ಹಿಂದಿನ ನಿರ್ಧಾರವನ್ನು ಅಳೆಯಬೇಡಿ. ಜಾಕ್ ಜೋಡಿ ಬಂದಿದ್ದರೆ ಮಾತ್ರ ಯೋಚನೆಯೇ ಬೇಡ, ಕಾಲ್.

ಐಸಿಎಂಗೂ ಕುರುಡು ಜಾಗ ಇದೆ. ಮುಂದಿನ ಆಟದಲ್ಲಿ ಬ್ಲೈಂಡ್ ಕಟ್ಟಬೇಕಾದವರು ಯಾರು ಅಂತ ಅದಕ್ಕೆ ಗೊತ್ತಿಲ್ಲ. ಇಬ್ಬರ ಹತ್ತಿರ ಒಂದೇ ಅಷ್ಟು ಚಿಪ್ಸ್ ಇದ್ದು, ಒಬ್ಬನಿಗೆ ಬ್ಲೈಂಡ್ ಈಗಷ್ಟೇ ದಾಟಿದೆ, ಇನ್ನೊಬ್ಬನಿಗೆ ಮುಂದಿನ ಸಲ ಬರುತ್ತದೆ ಅಂದರೂ ಅದು ಇಬ್ಬರಿಗೂ ಒಂದೇ ಬೆಲೆ ಕಟ್ಟುತ್ತದೆ. ಯಾರು ಚೆನ್ನಾಗಿ ಆಡುತ್ತಾರೆ ಅನ್ನುವುದೂ ಅದರ ಲೆಕ್ಕದಲ್ಲಿಲ್ಲ. ಹಾಗಾಗಿ ಅಂಚಿನ ನಿರ್ಧಾರಗಳಲ್ಲಿ ನಿಮ್ಮ ಕಣ್ಣೇ ಕೊನೆಯ ತಕ್ಕಡಿ.

ಈಗ ಆ ಮುಕ್ಕಾಲು ಗಂಟೆ.

ಏಸ್-ಕ್ವೀನ್ ಬಿಟ್ಟ ಮೇಲೆ ನಿಮ್ಮ ಹತ್ತಿರ 19 ಬಿಗ್ ಬ್ಲೈಂಡ್ ಇತ್ತು. ಬಬಲ್ ಒಡೆಯುವಾಗ 7. ಒಂದು ಸುತ್ತಿಗೆ ಸ್ಮಾಲ್ ಬ್ಲೈಂಡ್ ಅರ್ಧ, ಬಿಗ್ ಬ್ಲೈಂಡ್ ಒಂದು, ಆ್ಯಂಟಿ ಒಂದು, ಒಟ್ಟು ಎರಡೂವರೆ ಹೋಗುತ್ತದೆ. ಮಧ್ಯೆ ಬ್ಲೈಂಡ್ ಏರುತ್ತದೆ, ಆಗ ಉಳಿದ ಚಿಪ್ಸೂ ಕುಗ್ಗಿದ ಹಾಗೆ. ಯಾರೂ ನಿಮ್ಮನ್ನು ಸೋಲಿಸಲಿಲ್ಲ. ನೀರು ಸೋರುವ ಕೊಡದ ಥರ ಖಾಲಿಯಾದಿರಿ. ಒಂದು ಆಟದಲ್ಲಿ 12 ಬಿಗ್ ಬ್ಲೈಂಡ್ ಸೋತಿದ್ದರೆ ರಾತ್ರಿಯೆಲ್ಲ ಅದನ್ನೇ ನೆನೆಯುತ್ತಿದ್ದಿರಿ. ಸೋರಿ ಹೋದದ್ದು ಪತ್ರದಲ್ಲಿ ಅರ್ಧ ಸಾಲು.

ಹಾಗಾದರೆ ಇಷ್ಟು ಹೊತ್ತು ಫೋಲ್ಡ್ ಫೋಲ್ಡ್ ಅಂದಿರಲ್ಲ ಅನ್ನುತ್ತೀರಿ. ನಾನು ಬಿಗಿ ಮಾಡಿ ಅಂದದ್ದು ಕಾಲ್ ಮಾಡುವುದನ್ನು. ಕಾಲ್ ಮಾಡುವವನಿಗೆ ಗೆಲ್ಲಲು ಒಂದೇ ದಾರಿ, ಎಲೆ ತೋರಿಸಿ ಗೆಲ್ಲಬೇಕು. ಮೊದಲು ತಳ್ಳುವವನಿಗೆ ಎರಡು ದಾರಿ. ಎಲ್ಲರೂ ಫೋಲ್ಡ್ ಮಾಡಿದರೂ ಅವನೇ ಗೆದ್ದ. ಬಬಲ್‌ನಲ್ಲಿ ಎಲ್ಲರೂ ಹೆದರಿ ಕೂತಿರುವುದರಿಂದ ಈ ಎರಡನೇ ದಾರಿ ಎಂದಿಗಿಂತ ಅಗಲವಾಗಿರುತ್ತದೆ. ಅದೇ ಏಸ್-ಕ್ವೀನ್, ಕಾಲ್ ಮಾಡಲು ಅಂಚಿನದ್ದು. ಮೊದಲು ತಳ್ಳಲು ಬಂಗಾರ.

ನಿಮ್ಮ ಹತ್ತಿರ 12 ಬಿಗ್ ಬ್ಲೈಂಡ್ ಇದ್ದಾಗಿನ ಒಂದು ಹೊತ್ತು ನೆನೆಸಿಕೊಳ್ಳಿ. ನೀವು ಬಟನ್‌ನಲ್ಲಿದ್ದೀರಿ, ಎಲ್ಲರೂ ಫೋಲ್ಡ್ ಮಾಡಿ ಆಟ ನಿಮ್ಮವರೆಗೆ ಬಂದಿದೆ. ಪಾಟ್‌ನಲ್ಲಿ ಎರಡೂವರೆ ಬಿಗ್ ಬ್ಲೈಂಡ್ ಬಿದ್ದಿದೆ. ಬ್ಲೈಂಡ್‌ನಲ್ಲಿ ಕೂತ ಇಬ್ಬರೂ ನಿಮ್ಮಂಥ ಮಧ್ಯದವರು. ನೀವು ಆಲ್-ಇನ್ ಅಂದರೆ ಅವರು ಕಾಲ್ ಮಾಡುವುದು ತೀರಾ ಒಳ್ಳೆಯ ಎಲೆ ಬಂದಾಗ ಮಾತ್ರ. ಫೋಲ್ಡ್ ಮಾಡಿದರೆ ನಿಮ್ಮ ಸ್ಟ್ಯಾಕ್ ಒಂದೇ ಏಟಿಗೆ ಐದನೇ ಒಂದು ಭಾಗದಷ್ಟು ಬೆಳೆಯುತ್ತದೆ. ಒಂದು ಪೂರ್ತಿ ಸುತ್ತಿನ ಬಾಡಿಗೆ ಅದು. ಮುಕ್ಕಾಲು ಗಂಟೆಯಲ್ಲಿ ಅಂಥ ಎರಡು ಅವಕಾಶ ಹಿಡಿದಿದ್ದರೂ ನೀವು 7ಕ್ಕೆ ಇಳಿಯುತ್ತಿರಲಿಲ್ಲ.

ಯಾರ ಮೇಲೆ ತಳ್ಳಬೇಕು ಅನ್ನುವುದೂ ಮುಖ್ಯ. ಬ್ಲೈಂಡ್‌ನಲ್ಲಿ ದೊಡ್ಡ ಸ್ಟ್ಯಾಕ್ ಇದ್ದರೆ ಅವನಿಗೆ ಕಾಲ್ ಮಾಡುವುದು ಅಗ್ಗ, ಅಲ್ಲಿ ನಿಜವಾದ ಎಲೆ ಬೇಕು. ಎರಡು-ಮೂರು ಬಿಗ್ ಬ್ಲೈಂಡ್ ಉಳಿದವನಿದ್ದರೆ ಅವನು ಹೇಗೂ ಕಾಲ್ ಮಾಡುತ್ತಾನೆ, ಅವನನ್ನು ಹೆದರಿಸಲು ಆಗುವುದಿಲ್ಲ. ನಿಮ್ಮಷ್ಟೇ ಅಥವಾ ನಿಮಗಿಂತ ಸ್ವಲ್ಪ ಕಡಿಮೆ ಇರುವವನು, ಗಡಿಯಾರ ನೋಡುತ್ತಾ ಕೂತವನು, ಅವನೇ ನಿಮ್ಮ ಗಿರಾಕಿ. ಚಿಪ್ಸ್ ಇನ್ನೂ ಜಾಸ್ತಿ ಇದ್ದು, 30-40 ಬಿಗ್ ಬ್ಲೈಂಡ್ ಇದ್ದರೆ ಪೂರ್ತಿ ತಳ್ಳುವುದೂ ಬೇಡ. ಬಿಗ್ ಬ್ಲೈಂಡ್‌ನ ಎರಡರಷ್ಟು ಸಣ್ಣ ರೇಸ್ (ಪಣ ಏರಿಸುವುದು) ಸಾಕು, ಹೆದರಿದವನಿಗೆ ಅಷ್ಟೇ ಕೆಲಸ ಮಾಡುತ್ತದೆ. ಆದರೆ ಬೇರೆಯವರ ರೇಸ್‌ಗೆ ಸುಮ್ನೆ ಕಾಲ್ ಮಾಡಿ 'ಫ್ಲಾಪ್ (ಟೇಬಲ್ ಮೇಲೆ ಎಲ್ಲರಿಗೂ ತೆರೆಯುವ ಮೊದಲ ಮೂರು ಎಲೆ) ನೋಡೋಣ' ಅನ್ನುವ ಅಭ್ಯಾಸವನ್ನು ಬಬಲ್ ಮುಗಿಯುವವರೆಗೆ ಪಕ್ಕಕ್ಕಿಡಿ. ಫ್ಲಾಪ್ ಬಂದ ಮೇಲೆ ಅವನು ತಳ್ಳಿದರೆ ಮತ್ತೆ ಅದೇ ದುಬಾರಿ ಕಾಲ್ ನಿಮ್ಮ ಮುಂದೆ ಬಂದು ನಿಲ್ಲುತ್ತದೆ.

ನೀವೇ ಟೇಬಲ್‌ನ ಎರಡನೇ ದೊಡ್ಡ ಸ್ಟ್ಯಾಕ್ ಆಗಿದ್ದರೆ ಒಂದೇ ಎಚ್ಚರ: ಮೊದಲನೆಯವನ ತಂಟೆಗೆ ಹೋಗಬೇಡಿ. ನಿಮ್ಮನ್ನು ಕೆಡವಬಲ್ಲವನು ಅವನೊಬ್ಬನೇ. ಇಬ್ಬರು ದೊಡ್ಡವರು ಬಬಲ್‌ನಲ್ಲಿ ಗುದ್ದಾಡಿದರೆ ಲಾಭ ಮೂಲೆಯಲ್ಲಿ ಕೂತ 3 ಬಿಗ್ ಬ್ಲೈಂಡ್‌ನವನಿಗೆ. ಬಹಳ ವರ್ಷದ ಹಿಂದೆ ನಾನೂ ಹೀಗೆ ಏಸ್-ಕಿಂಗ್ ಹಿಡಿದು ಗುದ್ದಾಡಿ, ಎರಡನೇ ಸ್ಥಾನದಲ್ಲಿದ್ದವನು ಬರಿಗೈಯಲ್ಲಿ ಎದ್ದು ಹೋದೆ. ಎದುರಿನವನ ಹತ್ತಿರ ಕ್ವೀನ್ ಜೋಡಿ ಇತ್ತು. 'ಸರಿಸಮ ಇತ್ತು, ಅದೃಷ್ಟ ಕೈಕೊಟ್ಟಿತು' ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಸರಿಸಮ ಇದ್ದದ್ದೇ ತಪ್ಪು ಅಂತ ಗೊತ್ತಾಗಲು ಒಂದು ವರ್ಷ ಹಿಡಿಯಿತು.

ಗೆಳೆಯರು 'ನಾನು ಗೆಲ್ಲಲು ಆಡುತ್ತೇನೆ, ಕನಿಷ್ಠ ಬಹುಮಾನಕ್ಕಲ್ಲ' ಅನ್ನುತ್ತಿರಬಹುದು. ಈ ಮಾತಿನಲ್ಲಿ ಹುರುಳಿದೆ. 2023ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮೇನ್ ಇವೆಂಟ್ ನೋಡಿ. ಪ್ರವೇಶ ಶುಲ್ಕ 10,000 ಡಾಲರ್, ಆಡಿದವರು 10,043, ಬಹುಮಾನ 1,507 ಜನರಿಗೆ. ಕನಿಷ್ಠ ಬಹುಮಾನ 15,000 ಡಾಲರ್. ಮೊದಲ ಬಹುಮಾನ 1 ಕೋಟಿ 21 ಲಕ್ಷ ಡಾಲರ್. ಬಬಲ್ ದಾಟಿದ ಮಾತ್ರಕ್ಕೆ ಶುಲ್ಕ ಕಳೆದು ಉಳಿಯುವುದು 5,000. ದುಡ್ಡೆಲ್ಲ ಮೇಲೆ ಇದೆ. ಆದರೆ ಅದೇ ಮಾತನ್ನು ಹಿಡಿದು ಎಲ್ಲದಕ್ಕೂ ಕಾಲ್ ಮಾಡುವುದು ಮೂರ್ಖತನ. ಸೋತವನಿಗೆ ಆ ಕೋಟಿಯ ದಾರಿಯೂ ಮುಚ್ಚಿತಲ್ಲ. 'ಹೇಗಾದರೂ ಉಳಿದರೆ ಸಾಕು' ಅನ್ನುವುದು ನಿಮ್ಮ ತಪ್ಪು, 'ಹೇಗಾದರೂ ಗೆಲ್ಲಬೇಕು' ಅನ್ನುವುದು ಅವರ ತಪ್ಪು. ಎರಡೂ ಟೇಬಲ್ ನೋಡದೆ ಆಡುವ ದಾರಿಗಳು.

ಒಂದು ಕಡೆ ಮಾತ್ರ 'ಹೇಗಾದರೂ ಉಳಿದರೆ ಸಾಕು' ಸರಿ. ಸ್ಯಾಟಲೈಟ್. ಅಲ್ಲಿ ಗೆದ್ದವರಿಗೆಲ್ಲ ದೊಡ್ಡ ಟೂರ್ನಮೆಂಟ್‌ನ ಒಂದೊಂದು ಸೀಟು, ಮೊದಲನೆಯವನಿಗೂ ಹತ್ತನೆಯವನಿಗೂ ಅದೇ. ನಿಮಗೆ ಸೀಟು ಸಿಗುವ ಸಾಧ್ಯತೆ ಆಗಲೇ ನೂರಕ್ಕೆ 95 ಇದ್ದರೆ, ನಿಮ್ಮನ್ನು ಕೆಡವಬಲ್ಲವನು ತಳ್ಳಿದಾಗ ಏಸ್ ಜೋಡಿಯನ್ನೂ ಫೋಲ್ಡ್ ಮಾಡಬೇಕು. ಯಾವ ಎಲೆಯ ಎದುರಾದರೂ ಏಸ್ ಜೋಡಿ ಗೆಲ್ಲುವುದು ಸರಾಸರಿ 85 ಸಲ. 95ನ್ನು 85ಕ್ಕೆ ಯಾರು ಮಾರುತ್ತಾರೆ? ಇದಕ್ಕೆ ಉಲ್ಟಾ ಬೌಂಟಿ ಟೂರ್ನಮೆಂಟ್. ಒಬ್ಬನನ್ನು ಹೊರಗೆ ಕಳಿಸಿದರೆ ತಕ್ಷಣ ದುಡ್ಡು ಸಿಗುವುದರಿಂದ, ನಿಮಗೆ ಅವನಿಗಿಂತ ಜಾಸ್ತಿ ಚಿಪ್ಸ್ ಇದ್ದರೆ ಕಾಲ್ ಸ್ವಲ್ಪ ಸಡಿಲಿಸಬಹುದು.

ಇನ್ನೊಂದು ಸಣ್ಣ ವಿಷಯ. ಬಬಲ್‌ನಲ್ಲಿ ಹ್ಯಾಂಡ್-ಫಾರ್-ಹ್ಯಾಂಡ್ ಶುರುವಾದ ಮೇಲೆ ಎಲ್ಲ ಟೇಬಲ್‌ಗಳೂ ಒಂದು ಆಟ ಮುಗಿಸಿ ಉಳಿದವರಿಗೆ ಕಾಯುತ್ತವೆ. ಬೇಕೆಂದೇ ನಿಧಾನ ಮಾಡಿ ಬೇರೆ ಟೇಬಲ್‌ನಲ್ಲಿ ಯಾರಾದರೂ ಔಟ್ ಆಗಲಿ ಅಂತ ಕಾಯುವ ಆಟ ಆಮೇಲೆ ನಡೆಯುವುದಿಲ್ಲ. ಒಂದೇ ಆಟದಲ್ಲಿ ಬೇರೆ ಬೇರೆ ಟೇಬಲ್‌ನ ಇಬ್ಬರು ಹೊರಬಿದ್ದರೆ ಆ ಕೊನೆಯ ಬಹುಮಾನವನ್ನು ಸಾಮಾನ್ಯವಾಗಿ ಇಬ್ಬರಿಗೂ ಹಂಚುತ್ತಾರೆ. ಒಂದೇ ಟೇಬಲ್ ಆದರೆ ಆಟದ ಶುರುವಿನಲ್ಲಿ ಜಾಸ್ತಿ ಚಿಪ್ಸ್ ಇದ್ದವನು ಮುಂದೆ. ನೀವು ಔಟ್ ಆದ ಆಟದಲ್ಲೇ ಇನ್ನೊಬ್ಬನೂ ಹೋಗಿರಬಹುದು. ಎದ್ದು ಹೋಗುವ ಮೊದಲು ಕೇಳಿ.

ಕೊನೆಗೆ ಆ 9ರ ಜೋಡಿ. ಮೊದಲ ಸೀಟಿನಿಂದ, ಹಿಂದೆ ಎಲ್ಲರೂ ಉಳಿದಿರುವಾಗ, ಬಬಲ್‌ನಲ್ಲಿ, 24 ಬಿಗ್ ಬ್ಲೈಂಡ್ ಪೂರ್ತಿ ತಳ್ಳುವವನು ಏನು ಹಿಡಿದಿರುತ್ತಾನೆ? 8ರ ಜೋಡಿಯಿಂದ ಮೇಲೆ, ಏಸ್-ಕ್ವೀನ್, ಏಸ್-ಕಿಂಗ್, ಹೆಚ್ಚೆಂದರೆ ಸೂಟೆಡ್ ಏಸ್-ಜಾಕ್. ಅದರ ಎದುರು 9ರ ಜೋಡಿ ಗೆಲ್ಲುವುದು ನೂರಕ್ಕೆ 42ರ ಸುಮಾರು. ಪಾಟ್‌ನಲ್ಲಿದ್ದದ್ದು ಇಪ್ಪತ್ತನಾಲ್ಕೂವರೆ, ನೀವು ಹಾಕಿದ್ದು 22. ಚಿಪ್ಸ್ ಲೆಕ್ಕದಲ್ಲೇ 47 ಬೇಕಿತ್ತು. ಒಂದೂವರೆ ಬಬಲ್ ಫ್ಯಾಕ್ಟರ್ ಹಾಕಿದರೆ 57. ಹದಿನೈದು ಹೆಜ್ಜೆ ಹಿಂದಿದ್ದಿರಿ. ಅದೇ ರಾತ್ರಿ, ಅದೇ ಬಟನ್‌ನಲ್ಲಿ, ಎಲ್ಲರೂ ಫೋಲ್ಡ್ ಮಾಡಿ ಆಟ ನಿಮ್ಮ ಹತ್ತಿರ ಬಂದಿದ್ದು, ನೀವೇ ಮೊದಲು ರೇಸ್ ಮಾಡಿದ್ದರೆ ಆ 9ರ ಜೋಡಿಯೇ ರಾತ್ರಿಯ ಒಳ್ಳೆಯ ಎಲೆ ಆಗುತ್ತಿತ್ತು.